ಒಂದು ಎಳನೀರು, ಎರಡು ಸ್ಟ್ರಾ: ಮದುವೆಯಲ್ಲಿ ಹಂಚಿ ಕುಡಿಯುವುದು ಯಾಕೆ?

ಚಿಕ್ಕಬಳ್ಳಾಪುರದ ಒಂದು ಛತ್ರ. ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಮುಹೂರ್ತ. ಹುಡುಗ ಹುಡುಗಿ ಸೋಫಾದ ಮೇಲೆ ಕೂತಿದ್ದರು. ಫೋಟೊದ ಹುಡುಗ ಎಲ್ಲಿಂದಲೋ ಒಂದು ಎಳನೀರು ತರಿಸಿದ. ಕೆತ್ತಿದ ಬಾಯಿಗೆ ಎರಡು ಸ್ಟ್ರಾ ಇಟ್ಟ. "ಇಬ್ರೂ ಒಟ್ಟಿಗೆ ಕುಡೀರಿ ಸಾರ್, ಹಂಗೇ ಮುಖ ನೋಡ್ಕೊಳ್ಳಿ" ಅಂದ.

ಮುಂದಿನ ಸಾಲಿನಲ್ಲಿದ್ದ ನಮ್ಮ ದೊಡ್ಡಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. "ಇದೇನಮ್ಮಾ ಇದು, ಎಲ್ಲರ ಮುಂದೆ ಎಂಜಲು ಕುಡಿಸ್ತಾವ್ರೆ!" ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ಕಿಸಕ್ಕನೆ ನಕ್ಕರು. ಒಬ್ಬಳು ಮಾತ್ರ, "ಅಜ್ಜಿ, ಜಪಾನ್ ಮದ್ವೇಲಿ ಇದೇ ಶಾಸ್ತ್ರ" ಅಂದಳು.

ಆ ಹುಡುಗಿ ಹೇಳಿದ್ದು ನಿಜ. ದೊಡ್ಡಮ್ಮ ಹೇಳಿದ್ದೂ ಸುಮ್ನೆ ತಳ್ಳಿಹಾಕುವ ಮಾತಲ್ಲ. ಈಚೆಗೆ ನಮ್ಮ ಕಡೆಯ ಆರತಕ್ಷತೆಗಳಲ್ಲಿ ಎಳನೀರು, ಜ್ಯೂಸು, ಒಂದರ ಮೇಲೊಂದು ಪೇರಿಸಿದ ಗಾಜಿನ ಲೋಟ ಎಲ್ಲ ಕಾಣುತ್ತಿವೆ. ಹಾಗಾಗಿ ಈ ಹಂಚಿ ಕುಡಿಯುವ ಪದ್ಧತಿ ಎಲ್ಲೆಲ್ಲಿದೆ, ಅದಕ್ಕೆ ಏನು ಅರ್ಥ, ನಮ್ಮ ಮದುವೆಗಳಲ್ಲಿ ಅದು ಯಾಕೆ ಬೇರೆ ರೂಪದಲ್ಲಿದೆ ಅಂತ ಒಂದೊಂದಾಗಿ ನೋಡೋಣ.

ಎಂಜಲು ಅಂದರೇನು?

ಶುರು ಮಾಡಬೇಕಾದ್ದು ಈ ಪದದಿಂದಲೇ. ಬಾಯಿ ತಾಗಿದ್ದು ಎಂಜಲು. ಕೊಳೆಗೂ ಇದಕ್ಕೂ ಸಂಬಂಧವಿಲ್ಲ. ಲೋಟ ಫಳಫಳ ಹೊಳೆಯುತ್ತಿದ್ದರೂ ಒಮ್ಮೆ ತುಟಿ ತಾಗಿತೋ, ಅದು ಎಂಜಲು. ಮಕ್ಕಳಿಗೆ ನಾವು ತೀರ ಚಿಕ್ಕಂದಿನಲ್ಲೇ ಹೇಳಿಕೊಡುತ್ತೇವೆ: "ಕಚ್ಚಿ ಕುಡೀಬೇಡ, ಎತ್ತಿ ಕುಡಿ." ಬಸ್ಸಿನಲ್ಲಿ ಪಕ್ಕದವರು ನೀರಿನ ಬಾಟಲಿ ಕೊಟ್ಟರೆ ಯಾರೂ ಹೇಳದೆಯೇ ತಲೆ ಹಿಂದಕ್ಕೆ ವಾಲಿಸಿ ಮೇಲಿಂದ ಸುರಿದುಕೊಳ್ಳುತ್ತೇವೆ. ಅರ್ಧ ನೀರು ಅಂಗಿಯ ಮೇಲೆ ಬಿದ್ದರೂ ಪರವಾಗಿಲ್ಲ.

ಆದರೆ ಈ ಕಟ್ಟು ಎಲ್ಲರಿಗೂ ಒಂದೇ ಥರ ಇಲ್ಲ. ಮಗು ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ತಾಯಿ ಯೋಚನೆಯೇ ಇಲ್ಲದೆ ತಿನ್ನುತ್ತಾಳೆ. ಶಾಲೆಯಲ್ಲಿ ನಾವೆಲ್ಲ ಪೆಪ್ಪರ್‌ಮೆಂಟನ್ನು ಅಂಗಿಯ ಅಂಚಿನಲ್ಲಿ ಸುತ್ತಿ ಕಚ್ಚಿ ಎರಡು ಚೂರು ಮಾಡುತ್ತಿದ್ದೆವು. ಅದಕ್ಕೆ 'ಕಾಗೆ ಎಂಜಲು' ಅಂತ ಹೆಸರು. ಕೆಲವರಿಗೆ ಅದು 'ಗುಬ್ಬಿ ಎಂಜಲು'. ಬಟ್ಟೆ ಅಡ್ಡ ಇದ್ದರೆ ಎಂಜಲಲ್ಲ ಅನ್ನೋದು ಮಕ್ಕಳ ಕಾನೂನು. ಆ ಪೆಪ್ಪರ್‌ಮೆಂಟನ್ನು ಕಂಡಕಂಡವರಿಗೆ ಕೊಡುತ್ತಿರಲಿಲ್ಲ, ಗೆಳೆಯರಿಗೆ ಮಾತ್ರ. ಶಬರಿ ಕಚ್ಚಿ ನೋಡಿ ಕೊಟ್ಟ ಹಣ್ಣನ್ನು ರಾಮ ತಿಂದ ಅಂತ ಹೇಳುವ ಕತೆಯಲ್ಲೂ ಜನಕ್ಕೆ ನೆನಪಿರುವುದು ಹಣ್ಣಿನ ರುಚಿಯಲ್ಲ, ಅದು ಎಂಜಲಾಗಿತ್ತು ಅನ್ನೋದೇ.

ಅಂದರೆ ಎಂಜಲು ಒಂದು ಬೇಲಿ. ಯಾರು ಬೇಲಿಯ ಒಳಗೆ, ಯಾರು ಹೊರಗೆ ಅಂತ ಅದು ತೋರಿಸುತ್ತದೆ. ಮದುವೆ ಎಂದರೆ ಹೊರಗಿನವರೊಬ್ಬರನ್ನು ಒಳಕ್ಕೆ ಕರೆದುಕೊಳ್ಳುವ ಕೆಲಸ ಅಲ್ವಾ? ಅದಕ್ಕೇ ಎಷ್ಟೋ ದೇಶಗಳಲ್ಲಿ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಜನ ಕೂಡ, ಮದುವೆಯ ನಡುವೆ ಒಂದು ಬಟ್ಟಲನ್ನು ತಂದಿಟ್ಟಿದ್ದಾರೆ.

ಮೂರು ಬಟ್ಟಲು, ಒಂಬತ್ತು ಗುಟುಕು

ಆ ಹುಡುಗಿ ಹೇಳಿದ ಜಪಾನಿನ ಶಾಸ್ತ್ರದ ಹೆಸರು 'ಸಾನ್-ಸಾನ್-ಕುದೊ'. ಮೂರು, ಮೂರು, ಒಂಬತ್ತು ಸಲ ಅಂತ ಅದರ ಅರ್ಥ. ಅಲ್ಲಿನ ಮೂಲ ಧರ್ಮವಾದ ಶಿಂಟೊ ಪದ್ಧತಿಯ ಮದುವೆಯಲ್ಲಿ ಒಂದರ ಮೇಲೊಂದು ಇಟ್ಟ 3 ಚಪ್ಪಟೆ ಬಟ್ಟಲುಗಳಿರುತ್ತವೆ: ಚಿಕ್ಕದು, ಮಧ್ಯದ್ದು, ದೊಡ್ಡದು. ಅವುಗಳಲ್ಲಿ ಅಕ್ಕಿಯಿಂದ ಮಾಡಿದ ಸಾಕೆ ಎಂಬ ಮದ್ಯ. ಹುಡುಗ ಹುಡುಗಿ ಅದೇ ಬಟ್ಟಲುಗಳಿಂದ ಸರದಿಯ ಮೇಲೆ ಕುಡಿಯುತ್ತಾರೆ, ಒಂದೊಂದರಲ್ಲೂ 3 ಗುಟುಕು. ಮೊದಲ ಎರಡು ಗುಟುಕಿಗೆ ಬಟ್ಟಲನ್ನು ಬರೀ ತುಟಿಗೆ ತಾಗಿಸಿ, ಮೂರನೆಯದರಲ್ಲಿ ಮಾತ್ರ ನುಂಗುವುದು ರೂಢಿ.

ಮೂರು, ಒಂಬತ್ತು ಯಾಕೆ? ಬೆಸ ಸಂಖ್ಯೆಯನ್ನು ಸರಿಯಾಗಿ ಎರಡು ಭಾಗ ಮಾಡಲಾಗದು, ಹಾಗಾಗಿ ಅದು ಶುಭ ಅಂತ ಅವರ ನಂಬಿಕೆ. ನಮಗೆ ಇದು ಹೊಸದೇನಲ್ಲ. ಮುಯ್ಯಿ ಹಾಕುವಾಗ 500ರ ನೋಟಿನ ಜೊತೆ ಒಂದು ರೂಪಾಯಿ ನಾಣ್ಯ ಹುಡುಕಿ 501 ಮಾಡುತ್ತೇವಲ್ಲ, ಅದೇ ಲೆಕ್ಕ. ತಾಳಿಗೆ ಮೂರು ಗಂಟು ಹಾಕುವಾಗಲೂ ಎರಡಕ್ಕೆ ನಿಲ್ಲಿಸಿದವರನ್ನು ನಾನು ಕಂಡಿಲ್ಲ.

ಇದರ ಬಗ್ಗೆ ಒಂದು ಸಂಗತಿ ಜಾಸ್ತಿ ಜನಕ್ಕೆ ತಿಳಿದಿಲ್ಲ. ಬಟ್ಟಲು ಹಂಚುವ ರೂಢಿ ಅಲ್ಲಿ ಹಳೆಯದು. ಆದರೆ ಈಗ ನಾವು ಫೋಟೊಗಳಲ್ಲಿ ನೋಡುವ, ದೇವಾಲಯದಲ್ಲಿ ನಡೆಯುವ ಶಿಂಟೊ ಮದುವೆ ಜನಪ್ರಿಯವಾದದ್ದು 1900ರಿಂದ ಈಚೆಗೆ. ಆ ವರ್ಷದ ಮೇ ತಿಂಗಳಲ್ಲಿ ಯುವರಾಜ ಯೋಶಿಹಿತೊ ಮದುವೆ ಹಾಗೆ ನಡೆಯಿತು. ಜನ ಅದನ್ನು ನೋಡಿ ತಾವೂ ಹಾಗೇ ಮಾಡತೊಡಗಿದರು. ಅರಮನೆಯಿಂದ ಬಂದರೂ ಸರಿ, ಫೋಟೊದವರಿಂದ ಬಂದರೂ ಸರಿ, ಮದುವೆಯ ಪದ್ಧತಿಗಳು ಹೀಗೆ ನೋಡಿ ಕಲಿತವೇ ಹೆಚ್ಚು.

ಎರಡು ಸಲ ದ್ರಾಕ್ಷಾರಸ

ಯಹೂದಿಗಳ ಮದುವೆಯಲ್ಲಿ ದ್ರಾಕ್ಷಾರಸದ ಬಟ್ಟಲು ಎರಡು ಸಲ ಬರುತ್ತದೆ. ಮೊದಲ ಬಟ್ಟಲಾದ ಮೇಲೆ ಉಂಗುರ. ಆಮೇಲೆ ಮದುವೆಯ ಒಪ್ಪಂದದ ಪತ್ರ ಓದುತ್ತಾರೆ. ಎರಡನೆಯ ಬಟ್ಟಲಿನ ಮೇಲೆ ಏಳು ಆಶೀರ್ವಾದ ಹೇಳಿ ಮತ್ತೆ ಇಬ್ಬರಿಗೂ ಕುಡಿಸುತ್ತಾರೆ.

ಎರಡು ಯಾಕೆ ಅನ್ನೋದಕ್ಕೆ ಉತ್ತರ ನಮಗೆ ಬೇಗ ಅರ್ಥವಾಗುತ್ತದೆ. ಹಿಂದೆ ಅವರಲ್ಲಿ ನಿಶ್ಚಯ ಒಂದು ದಿನ, ಮದುವೆ ಇನ್ನೊಂದು ದಿನ. ನಡುವೆ ಒಂದು ವರ್ಷವೂ ಆಗುತ್ತಿತ್ತು. ಎರಡಕ್ಕೂ ಬೇರೆ ಬೇರೆ ಬಟ್ಟಲು ಇತ್ತು. ಮುಂದೆ ಎರಡನ್ನೂ ಒಂದೇ ದಿನಕ್ಕೆ ತಂದರು, ಆದರೆ ಬಟ್ಟಲುಗಳನ್ನು ಒಂದು ಮಾಡಲಿಲ್ಲ. ನಮ್ಮಲ್ಲೂ ಒಪ್ಪಿಗೆಯ ವೀಳ್ಯ ಶಾಸ್ತ್ರವನ್ನು ಹಿಂದಿನ ರಾತ್ರಿ ಅದೇ ಛತ್ರದಲ್ಲಿ ಮುಗಿಸಿಬಿಡುವವರಿದ್ದಾರೆ. ದಿನ ಉಳಿಯಿತು, ಆದರೂ ತಟ್ಟೆ ಬದಲಾಯಿಸುವುದನ್ನು ಬಿಟ್ಟಿಲ್ಲ.

ಕೊನೆಗೆ ಹುಡುಗ ಒಂದು ಗಾಜಿನ ಲೋಟವನ್ನು ಕಾಲಲ್ಲಿ ತುಳಿದು ಒಡೆಯುತ್ತಾನೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ್ದನ್ನು ಸಂತೋಷದ ಹೊತ್ತಿನಲ್ಲೂ ನೆನೆಯುವುದಕ್ಕೆ ಅಂತ ಅದಕ್ಕೆ ಕೊಡುವ ಹೆಸರಾದ ವಿವರಣೆ. ನಮ್ಮ ಕಡೆ ಮದುವೆಮನೆಯಲ್ಲಿ ಗಾಜು ಒಡೆದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಅಡುಗೆಮನೆಯಿಂದ ಹಿಡಿದು ಮಂಟಪದವರೆಗೆ ಪಿಸುಮಾತು ಹಬ್ಬುತ್ತದೆ.

ಗ್ರೀಸ್, ರಷ್ಯಾ ಕಡೆಯ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಮದುಮಕ್ಕಳ ತಲೆಗೆ ಕಿರೀಟ ಇಟ್ಟು, ಒಂದೇ ಬಟ್ಟಲಿನಿಂದ ಇಬ್ಬರಿಗೂ ಮೂರು ಮೂರು ಗುಟುಕು ದ್ರಾಕ್ಷಾರಸ ಕುಡಿಸುತ್ತಾರೆ. ಆಮೇಲೆ ಪಾದ್ರಿ ಅವರನ್ನು ಮೇಜಿನ ಸುತ್ತ ಮೂರು ಸುತ್ತು ಕರೆದೊಯ್ಯುತ್ತಾರೆ. ಆ ಮದುವೆಗಳಲ್ಲಿ ಓದುವುದು ಕಾನಾ ಊರಿನ ಮದುವೆಯ ಕತೆ. ದ್ರಾಕ್ಷಾರಸ ಮುಗಿದುಹೋದಾಗ ಯೇಸು 6 ಕಲ್ಲಿನ ಬಾನಿಗಳಲ್ಲಿದ್ದ ನೀರನ್ನು ದ್ರಾಕ್ಷಾರಸ ಮಾಡಿದ ಕತೆ ಅದು. ಮದುವೆಮನೆಯಲ್ಲಿ ಪಾನಕ ಮುಗಿದರೆ ಆಗುವ ಗಾಬರಿ ಎರಡು ಸಾವಿರ ವರ್ಷ ಹಿಂದೆಯೂ ಇತ್ತು ನೋಡಿ.

ಸೋರೆ ಬುರುಡೆ ಮತ್ತು ಬೈಟು ಕಾಫಿ

ನನಗೆ ತುಂಬ ಹಿಡಿಸಿದ್ದು ಚೀನಾದ ಪದ್ಧತಿ. ಅಲ್ಲಿ ಹಳೆಯ ಕಾಲದಲ್ಲಿ ಮದುವೆಗೆ ಒಂದು ಸೋರೆ ಬುರುಡೆಯನ್ನು ಉದ್ದಕ್ಕೆ ಸೀಳಿ ಎರಡು ಬಟ್ಟಲು ಮಾಡುತ್ತಿದ್ದರು. ಒಂದು ಹುಡುಗನಿಗೆ, ಒಂದು ಹುಡುಗಿಗೆ. ಇಬ್ಬರೂ ಅದರಲ್ಲಿ ಮದ್ಯ ಕುಡಿಯುತ್ತಿದ್ದರು. ಈ ಶಾಸ್ತ್ರದ ಹೆಸರು 'ಹೇಜಿನ್', ಅಂದರೆ ಹೋಳುಗಳನ್ನು ಕೂಡಿಸುವುದು. ಎರಡು ಸಾವಿರ ವರ್ಷಕ್ಕೂ ಹಳೆಯ ವಿಧಿಗಳ ಗ್ರಂಥದಲ್ಲೇ ಇದರ ಮಾತಿದೆ. ಕೊರಿಯಾದ ಸಾಂಪ್ರದಾಯಿಕ ಮದುವೆಯಲ್ಲಿ ಈಗಲೂ ಸೋರೆಯ ಎರಡು ಹೋಳು ಕಾಣಬಹುದು.

ನಮ್ಮ ಹಿರಿಯರಿಗೆ ಸೋರೆ ಬುರುಡೆ ಗೊತ್ತೇ ಇದೆ. ಒಣಗಿಸಿ, ತಿರುಳು ತೆಗೆದು, ಹೊಲಕ್ಕೆ ನೀರು ಒಯ್ಯಲು ಬಳಸುತ್ತಿದ್ದರು. ಅದನ್ನು ಎರಡು ಹೋಳು ಮಾಡಿದರೆ ಒಂದು ಗುಣ ಕಾಣುತ್ತದೆ. ಆ ಹೋಳಿಗೆ ಸರಿಯಾಗಿ ಕೂರುವುದು ಅದೇ ಬುರುಡೆಯ ಇನ್ನೊಂದು ಹೋಳು ಮಾತ್ರ. ಊರಿನ ಬೇರೆ ಯಾವ ಸೋರೆಯ ಹೋಳು ತಂದಿಟ್ಟರೂ ಸಂದು ಬಿಡುತ್ತದೆ. ಮದುವೆಯ ಬಗ್ಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಾಗಿಲ್ಲ. ಇನ್ನೊಂದು ಅರ್ಥವೂ ಇದೆ. ಆ ಸೋರೆ ಕಹಿ, ಒಳಗಿನ ಮದ್ಯ ಸಿಹಿ. ಎರಡನ್ನೂ ಇಬ್ಬರೂ ಸಮನಾಗಿ ಕುಡಿಯಬೇಕು.

ಇದು ನಮ್ಮ ಬೈಟು ಕಾಫಿಯ ಲೆಕ್ಕ. ಬೈಟುವಿನಲ್ಲಿ ಹಂಚಿಕೊಳ್ಳುವುದು ಕಾಫಿಯನ್ನು, ಲೋಟವನ್ನಲ್ಲ. ಎಂಜಲಿನ ಕಟ್ಟು ಮುರಿಯದೆ ಗೆಳೆತನ ತೋರಿಸುವುದಕ್ಕೆ ಅದಕ್ಕಿಂತ ಜಾಣ ದಾರಿ ಸಿಗಲಿಕ್ಕಿಲ್ಲ.

ಚೀನಾದಲ್ಲಿ ಮುಂದೆ, ಸುಮಾರು ಸಾವಿರ ವರ್ಷದ ಹಿಂದೆ, ಸುಂಗ್ ಅರಸರ ಕಾಲಕ್ಕೆ ಸೋರೆಯ ಜಾಗಕ್ಕೆ ಬಟ್ಟಲುಗಳು ಬಂದವು. ಎರಡು ಬಟ್ಟಲನ್ನು ಬಣ್ಣದ ದಾರದಿಂದ ಕಟ್ಟಿ, ಒಬ್ಬರದನ್ನು ಒಬ್ಬರು ಬದಲಾಯಿಸಿ ಕುಡಿಯುತ್ತಿದ್ದರು. ಕುಡಿದಾದ ಮೇಲೆ ಬಟ್ಟಲುಗಳನ್ನು ಮಂಚದ ಕೆಳಗೆ ಎಸೆಯುತ್ತಿದ್ದರು. ಒಂದು ಮೊಗಚಿ, ಇನ್ನೊಂದು ಅಂಗಾತ ಬಿದ್ದರೆ ಬಹಳ ಶುಭ. ಈಗ ಅಲ್ಲಿ ಮದುಮಕ್ಕಳು ತೋಳಿಗೆ ತೋಳು ಹೆಣೆದು ತಮ್ಮ ತಮ್ಮ ಲೋಟದಿಂದ ಕುಡಿಯುತ್ತಾರೆ. ನಮ್ಮ ಫೋಟೊದವರು ಮಾಡಿಸುವ ಒಂದು ಭಂಗಿ ಇದನ್ನೇ ಹೋಲುತ್ತದೆ. ಜೋಡಿ ಏನು ಮಾಡುತ್ತಿದ್ದೇವೆಂದು ತಿಳಿಯದೆ ಮೊಣಕೈ ಸಿಕ್ಕಿಸಿಕೊಂಡು ನಗುತ್ತಿರುತ್ತದೆ.

ಯುರೋಪಿನ ಬಟ್ಟಲುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಕಾಟ್ಲೆಂಡಿನಲ್ಲಿ 'ಕ್ವೇಕ್' ಎಂಬ ತಟ್ಟೆಯಂಥ ಬಟ್ಟಲಿಗೆ ಎರಡು ಕಿವಿ. ಹಿಡಿಯಲು ಎರಡೂ ಕೈ ಬೇಕು, ಕೊಡುವವರಿಗೂ ಬೇಕು, ತೆಗೆದುಕೊಳ್ಳುವವರಿಗೂ ಬೇಕು. ಫ್ರಾನ್ಸಿನ ಮದುವೆ ಬಟ್ಟಲಿಗೂ ಎರಡು ಕಿವಿ. ಜರ್ಮನಿಯ ನ್ಯೂರೆಂಬರ್ಗಿನ ಮದುಮಗಳ ಬಟ್ಟಲು ಇನ್ನೂ ಮಜವಾಗಿದೆ. ಅದು ಒಬ್ಬ ಹೆಣ್ಣಿನ ಗೊಂಬೆ. ತಲೆಕೆಳಗು ಹಿಡಿದರೆ ಅವಳ ಲಂಗವೇ ದೊಡ್ಡ ಬಟ್ಟಲು. ಅವಳು ಕೈಯೆತ್ತಿ ಹಿಡಿದ ಚಿಕ್ಕ ಬಟ್ಟಲು ತಿರುಗುವುದರಿಂದ ಅದೂ ನೆಟ್ಟಗೇ ನಿಲ್ಲುತ್ತದೆ. ಇಬ್ಬರೂ ಒಟ್ಟಿಗೆ, ಚೆಲ್ಲದೆ ಕುಡಿಯಬೇಕು.

ನಮ್ಮ ಮದುವೆಯಲ್ಲಿ ಪಾತ್ರೆ ಎಲ್ಲಿದೆ?

ಎಲ್ಲೆಲ್ಲೂ ಇದೆ. ಕುಡಿಯುವುದಕ್ಕೆ ಮಾತ್ರ ಇಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮದುವೆಗಳನ್ನು ನೆನಪಿಸಿಕೊಳ್ಳಿ. ಮದುವೆಗೆ ಮುಂಚೆ ಕುಂಬಾರರ ಮನೆಯಿಂದ ವಾದ್ಯದ ಜೊತೆ ಅರಿವೇಣಿ ಮಡಿಕೆ ತರುತ್ತಾರೆ, ಸುಣ್ಣ ಬಣ್ಣ ಬಳಿದವು. ತೆಲುಗು ಮಾತಾಡುವ ಮನೆಗಳಲ್ಲೂ ಸ್ವಲ್ಪ ಬೇರೆ ಉಚ್ಚಾರದಲ್ಲಿ ಅದೇ ಹೆಸರು. ಮದುಮಗಳ ಜೊತೆ ಕಳಸಗಿತ್ತಿ ಕಳಸ ಕನ್ನಡಿ ಹಿಡಿದು ನಡೆಯುತ್ತಾಳೆ. ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಆಮೇಲೆ ಬಣ್ಣದ ನೀರಿನ ಚೊಂಬಿಗೆ ಉಂಗುರ ಹಾಕಿ ಹುಡುಕಿಸುವ ಆಟ. ಒಂದೇ ಚೊಂಬಿನೊಳಗೆ ಎರಡು ಕೈ ತಡಕಾಡುತ್ತವೆ, ಸುತ್ತ ಕೂತವರು ಕಿರುಚುತ್ತಾರೆ. (ಚೊಂಬು ಅಂದ ಕೂಡಲೇ ಈಗ ಜನ ನಗುತ್ತಾರೆ, 'ಚೊಂಬು ಕೊಟ್ಟ' ಅನ್ನೋ ಮಾತಿನಿಂದ. ಮದುವೆಮನೆಯಲ್ಲಿ ಅದಕ್ಕಿನ್ನೂ ಮರ್ಯಾದೆ ಇದೆ.)

ಅರಿವೇಣಿ ಮಡಿಕೆ ಯಾಕೆ ಪ್ರತಿ ಮದುವೆಗೂ ಹೊಸದೇ ಆಗಬೇಕು? ಅದಕ್ಕೂ ಎಂಜಲಿಗೂ ನಂಟಿದೆ. ಹಿತ್ತಾಳೆ, ಕಂಚಿನ ಪಾತ್ರೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಮತ್ತೆ ಶುದ್ಧ. ಮಣ್ಣಿನ ಪಾತ್ರೆಗೆ ಆ ಅವಕಾಶವಿಲ್ಲ ಅಂತ ಹಳೆಯ ನಂಬಿಕೆ. ಮಣ್ಣು ಒಳಗೆ ಹೀರಿಕೊಳ್ಳುತ್ತದೆ. ಹಾಗಾಗಿ ಮಣ್ಣಿನದು ಹೊಸತು ಅಂದರೆ ಯಾರೂ ಮುಟ್ಟದ್ದು, ಯಾರ ಬಾಯಿಯೂ ತಾಗದ್ದು ಅಂತ ಲೆಕ್ಕ.

ವೈದಿಕ ಪದ್ಧತಿಯ ಮದುವೆಯಲ್ಲಿ ಕುಡಿಯುವ, ಅಥವಾ ಚಪ್ಪರಿಸುವ, ಒಂದು ಬಟ್ಟಲಿದೆ. ಅದು ಮಧುಪರ್ಕ. ಜೇನು, ಮೊಸರು, ತುಪ್ಪ ಬೆರೆಸಿ ಕಂಚಿನ ಬಟ್ಟಲಲ್ಲಿ ವರನಿಗೆ ಕೊಡುತ್ತಾರೆ. ಅದು ಅತಿಥಿಗೆ ಕೊಡುವ ಸತ್ಕಾರ. ರಾಜ, ಗುರು ಮನೆಗೆ ಬಂದರೂ ಇದನ್ನೇ ಕೊಡಬೇಕೆಂದು ಗೃಹ್ಯಸೂತ್ರಗಳು ಹೇಳುತ್ತವೆ. ಅಂದರೆ ಆ ಹೊತ್ತಿಗೆ ಹುಡುಗ ಇನ್ನೂ ಬಂದ ನೆಂಟ, ಮನೆಯವನಾಗಿಲ್ಲ.

ನಮ್ಮಲ್ಲಿ ಗಂಡು ಹೆಣ್ಣನ್ನು ನಿಜವಾಗಿ ಸೇರಿಸುವುದು ಧಾರೆ. ಲಗ್ನಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ 'ಧಾರಾ ಮುಹೂರ್ತ' ಅಂತ ಅಚ್ಚು ಹಾಕಿಸುವುದು ಅದಕ್ಕೇ. ಇಬ್ಬರ ಕೈಗಳನ್ನು ಸೇರಿಸಿ, ತೆಂಗಿನಕಾಯಿ ಇಟ್ಟು, ಗಿಂಡಿಯಿಂದ ನೀರು, ಹಾಲು ಎರೆಯುತ್ತಾರೆ. ಒಕ್ಕಲು ಮಕ್ಕಳ ಮದುವೆಗಳಲ್ಲಿ ನೆಂಟರೆಲ್ಲ ಸಾಲಾಗಿ ಬಂದು ಹಾಲಿನ ಧಾರೆ ಹೊಯ್ಯುತ್ತಾರೆ. ಎಷ್ಟೋ ಕೈಗಳಿಂದ ಬಿದ್ದ ಹಾಲು ಕೆಳಗಿನ ಒಂದೇ ತಟ್ಟೆಯಲ್ಲಿ ಸೇರುತ್ತದೆ.

ನೀರು ಎರೆದು ಕೊಡುವುದು ನಮ್ಮ ನಾಡಿನ ಹಳೆಯ ಕಾನೂನು. ಭೂಮಿ ದಾನದ ಕನ್ನಡ ಶಾಸನಗಳನ್ನು ಓದಿದವರಿಗೆ 'ಕಾಲಂ ಕರ್ಚಿ ಧಾರಾಪೂರ್ವಕಂ ಮಾಡಿ' ಎಂಬ ಮಾತು ಮತ್ತೆ ಮತ್ತೆ ಸಿಗುತ್ತದೆ. ಕಾಲು ತೊಳೆದು, ನೀರು ಎರೆದು ಕೊಟ್ಟೆ ಅಂತ ಅರ್ಥ. ಈಗಿನ ನೋಂದಣಿ ಕಚೇರಿಯ ಮೊಹರಿನ ಹಾಗೆ. ಎರೆದ ನೀರನ್ನು ವಾಪಸ್ ಗಿಂಡಿಗೆ ತುಂಬಲಾಗದು, ಕೊಟ್ಟಿದ್ದನ್ನು ವಾಪಸ್ ಕೇಳುವಂತಿಲ್ಲ. ಮದುವೆಯಲ್ಲೂ ಮಾವ ಅಳಿಯನ ಕಾಲು ತೊಳೆಯುತ್ತಾರೆ, ಆಮೇಲೆ ಧಾರೆ. ಭೂಮಿ ಕೊಟ್ಟ ಹಾಗೇ ಮಗಳನ್ನೂ ಕೊಡುವ ಈ ಮಾತನ್ನು ಈಗಿನ ಎಷ್ಟೋ ಹೆಣ್ಣುಮಕ್ಕಳು ಪ್ರಶ್ನೆ ಮಾಡುತ್ತಾರೆ. ಜಪಾನಿನ ಬಟ್ಟಲಿಗೂ ಧಾರೆಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಬಟ್ಟಲಿನಲ್ಲಿ ಇಬ್ಬರೂ ಕುಡಿಯುತ್ತಾರೆ. ಧಾರೆಯಲ್ಲಿ ಒಬ್ಬರು ಕೊಡುತ್ತಾರೆ, ಒಬ್ಬರು ಪಡೆಯುತ್ತಾರೆ.

ಗಿಂಡಿಯ ಮೂತಿಯನ್ನೂ ಸ್ವಲ್ಪ ಗಮನಿಸಿ. ಅದು ಎಂಜಲಾಗದೆ ಎರೆಯಲಿಕ್ಕೆಂದೇ ಮಾಡಿದ ಪಾತ್ರೆ. ಕೊಡವರ ಮದುವೆಯಲ್ಲಿ ಹಿರಿಯರು ಅಕ್ಕಿ ಹಾಕಿ ಹರಸುವಾಗ ಅಂಥದೇ ಮೂತಿಯ, 'ಕಿಂಡಿ' ಎಂಬ ಪಾತ್ರೆಯಿಂದ ಮದುಮಕ್ಕಳಿಗೆ ಒಂದು ಗುಟುಕು ಹಾಲು ಕುಡಿಸುತ್ತಾರೆ. ಎಲ್ಲರೂ ಕುಡಿಸುವುದು ಒಂದೇ ಪಾತ್ರೆಯಿಂದ.

ಲೋಟ ಬೇರೆ ಇಟ್ಟಾಗ

ಬೇಲಿ ಒಳಕ್ಕೆ ಕರೆಯುವುದಕ್ಕೂ ಬರುತ್ತದೆ, ಹೊರಗೆ ನಿಲ್ಲಿಸುವುದಕ್ಕೂ ಬರುತ್ತದೆ. ಹಳ್ಳಿ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದ 'ಎರಡು ಲೋಟ ಪದ್ಧತಿ' ನಮ್ಮ ರಾಜ್ಯಕ್ಕೆ ಹೊಸ ಸುದ್ದಿಯಲ್ಲ. ತೆಂಗಿನ ಚಿಪ್ಪಿನಲ್ಲಿ ಟೀ ಕೊಡುತ್ತಿದ್ದದ್ದೂ ಉಂಟು. ಅಂಬೇಡ್ಕರ್ 1927ರಲ್ಲಿ ಮಹಾಡ್‌ನಲ್ಲಿ ಜನರನ್ನು ಕರೆದುಕೊಂಡು ಹೋಗಿ ಮಾಡಿದ ದೊಡ್ಡ ಕೆಲಸ ಅಂದರೆ ಊರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದು. 1955ರ ಅಸ್ಪೃಶ್ಯತೆ ವಿರೋಧಿ ಕಾನೂನಿನ 4ನೇ ಕಲಂನಲ್ಲಿ ಹೋಟೆಲು, ಛತ್ರಗಳ ಪಾತ್ರೆಗಳನ್ನು ಬಳಸಲು ಯಾರಿಗೂ ಅಡ್ಡಿ ಮಾಡುವಂತಿಲ್ಲ ಅಂತಲೇ ಬರೆದಿದೆ. ಒಂದು ದೇಶ ಲೋಟದ ಬಗ್ಗೆ ಕಾನೂನು ಮಾಡಬೇಕಾಯಿತು ಅಂದರೆ, ಲೋಟ ಎಷ್ಟು ಮಾತಾಡುತ್ತದೆ ಅಂತ ಯೋಚಿಸಿ.

ರೋಗ ಬರುತ್ತಾ?

ಈ ಪ್ರಶ್ನೆ ಬಂದೇ ಬರುತ್ತದೆ. ಶೀತ, ಜ್ವರದ ವೈರಸ್ಸು, ತುಟಿಯ ಹುಣ್ಣು ತರುವ ಹರ್ಪಿಸ್ ಇವು ಎಂಜಲಿನಿಂದ ದಾಟಬಲ್ಲವು. ಕ್ಷಯ ಮಾತ್ರ ಲೋಟದಿಂದ ಹರಡುವುದಿಲ್ಲ, ಅದು ಗಾಳಿಯ ಮೂಲಕ ಬರುವ ರೋಗ. ಜನ ಇದನ್ನು ತಪ್ಪು ತಿಳಿದು ಕ್ಷಯ ಇರುವವರ ಲೋಟ ತಟ್ಟೆ ಬೇರೆ ಇಡುತ್ತಾರೆ. ಇನ್ನು ಎರಡು ಸ್ಟ್ರಾ ಇಟ್ಟರೂ ಎಳನೀರು ಒಂದೇ. ಮದುಮಕ್ಕಳಲ್ಲಿ ಒಬ್ಬರಿಗೆ ನೆಗಡಿ ಇದ್ದರೆ ಆ ಫೋಟೊ ಬಿಟ್ಟರೂ ನಷ್ಟವಿಲ್ಲ.

ಮರುದಿನ ಭೂಮದಲ್ಲಿ

ನಮ್ಮಲ್ಲಿ ಇಬ್ಬರ ಬಾಯಿ ಒಂದಾಗುವ ಶಾಸ್ತ್ರವೇ ಇಲ್ಲ ಅಂದುಕೊಂಡರೆ ತಪ್ಪು. ಇದೆ, ಆದರೆ ಲೋಟದಲ್ಲಿಲ್ಲ, ಎಲೆಯಲ್ಲಿದೆ. ಅದು ಭೂಮದ ಊಟ. ಕೆಲವರು ಬೂವ ಅನ್ನುತ್ತಾರೆ. ಧಾರೆ ಮುಗಿದ ಮೇಲೆ ಗಂಡು ಹೆಣ್ಣನ್ನು, ಎರಡೂ ಕಡೆಯ ಹತ್ತಿರದವರನ್ನು ಒಟ್ಟಿಗೆ ಕೂರಿಸಿ ಬಡಿಸುತ್ತಾರೆ. ಮದುಮಕ್ಕಳು ಒಬ್ಬರಿಗೊಬ್ಬರು ತುತ್ತು ಕೊಡಬೇಕು. ಗಂಡ ಉಂಡ ಎಲೆಯಲ್ಲೇ ಹೆಂಡತಿ ಉಣ್ಣಬೇಕೆಂಬ ಹಳೆಯ ರೂಢಿಗಿಂತ ಇದು ಬೇರೆ. ಅಲ್ಲಿ ಎಂಜಲು ಒಂದೇ ಕಡೆಗೆ ಹರಿಯುತ್ತಿತ್ತು. ಭೂಮದಲ್ಲಿ ತುತ್ತು ಎರಡೂ ಕಡೆ ಹೋಗುತ್ತದೆ.

ಆವತ್ತು ಭೂಮಕ್ಕೆ ಮುಂದಾಳು ನಮ್ಮ ದೊಡ್ಡಮ್ಮನೇ. ಹೋಳಿಗೆಗೆ ಹಾಲು ಹಾಕಿ ಕಲಸಿದರು. ಹುಡುಗ ಅರ್ಧ ಕಚ್ಚಿ ಬಿಟ್ಟಿದ್ದನ್ನು ತಾವೇ ಹುಡುಗಿಯ ಬಾಯಿಗೆ ಹಿಡಿದರು. ಅವಳು ಕಚ್ಚಿದ್ದನ್ನು ಇವನ ಬಾಯಿಗೆ ತುರುಕಿದರು. ನಾನು ತಡೆಯಲಾರದೆ ಕೇಳಿದೆ, "ಏನು ದೊಡ್ಡಮ್ಮಾ, ನಿನ್ನೆ ಎಳನೀರಿಗೆ ಅಷ್ಟು ರೇಗಾಡಿದ್ರಿ. ಇದು ಎಂಜಲಲ್ವಾ?"

ಅವರು ತಲೆ ಎತ್ತಲಿಲ್ಲ. ಇನ್ನೊಂದು ಹೋಳಿಗೆ ಮುರಿಯುತ್ತಾ, "ಈಗ ಧಾರೆ ಆಯ್ತಲ್ಲ" ಅಂದರು.